ಮೈಸೂರು ಹಣ ಕೊಟ್ಟ ವಿಮಾನ, ಡರ್ಬಿ ಉಳಿಸಿದ ಎಂಜಿನ್

ಎರಡನೆಯ ಮಹಾಯುದ್ಧದಲ್ಲಿ ಗಂಡಭೇರುಂಡ ಇಂಗ್ಲಿಷ್ ಕಡಲ್ಗಾಲುವೆಯ ಮೇಲೆ ಹಾರಾಡಿತ್ತು ಎಂದರೆ ಮೈಸೂರಿನಲ್ಲೇ ನಂಬುವವರು ಕಡಿಮೆ. ಆದರೆ ಇದು ದಾಖಲೆಯಲ್ಲಿರುವ ಸಂಗತಿ. ಬ್ರಿಟನ್ನಿನ ರಾಯಲ್ ಏರ್ ಫೋರ್ಸ್‌ನ 129ನೆಯ ಸ್ಕ್ವಾಡ್ರನ್ನಿನ ಅಧಿಕೃತ ಹೆಸರಿನಲ್ಲೇ ಮೈಸೂರು ಇತ್ತು. 1941ರ ಜೂನ್‌ನಲ್ಲಿ ಯಾರ್ಕ್‌ಷೈರ್ ಪ್ರಾಂತದ ಲೆಕನ್‌ಫೀಲ್ಡ್‌ನಲ್ಲಿ ಸ್ಪಿಟ್‌ಫೈರ್ ವಿಮಾನಗಳೊಂದಿಗೆ ಈ ಪಡೆಯನ್ನು ಮತ್ತೆ ಕಟ್ಟಿದರು. ಮೈಸೂರು ಸಂಸ್ಥಾನ ಯುದ್ಧಕ್ಕೆ ಕೊಟ್ಟ ಹಣಕ್ಕೆ ಪ್ರತಿಯಾಗಿ ಸಂಸ್ಥಾನದ ಹೆಸರಿಟ್ಟರು, ಲಾಂಛನದಲ್ಲಿ ನಮ್ಮ ಗಂಡಭೇರುಂಡವನ್ನು ಕೂರಿಸಿದರು. ಹೈದರಾಬಾದಿನ ನಿಜಾಮರ ಹೆಸರಿನಲ್ಲಿ ಇಂಥವು ಮೂರು ಇದ್ದವು. ದುಡ್ಡಿನ ಮಾತು ಬಂದಾಗ ನಿಜಾಮರ ಜೊತೆ ಪೈಪೋಟಿ ಯಾರಿಗೆ ಸಾಧ್ಯವಿತ್ತು?

ಮೈಸೂರು ಸ್ಕ್ವಾಡ್ರನ್ ದಕ್ಷಿಣ ಇಂಗ್ಲೆಂಡಿನ ವೆಸ್ಟ್‌ಹ್ಯಾಂಪ್‌ನೆಟ್‌ನಿಂದ ಫ್ರಾನ್ಸಿನ ತೀರಕ್ಕೆ ಹಾರಿತು, 1942ರ ಆಗಸ್ಟ್‌ನ ದಿಯೆಪ್ ಬಂದರಿನ ಮೇಲಿನ ದಾಳಿಯಲ್ಲಿ ಇತ್ತು. 1944ರಲ್ಲಿ ಮಸ್ಟಾಂಗ್ ವಿಮಾನಗಳಿಗೆ ಬದಲಾಗಿ, ಲಂಡನ್ನಿನತ್ತ ಬರುತ್ತಿದ್ದ ಜರ್ಮನಿಯ ವಿ-1 ಹಾರುಬಾಂಬುಗಳನ್ನು ಬೆನ್ನಟ್ಟಿ ಹೊಡೆಯಿತು. ವಿಮಾನದ ಮಾದರಿ ಬದಲಾದರೂ ಆ ವರ್ಷಗಳುದ್ದಕ್ಕೂ ಅವುಗಳ ಮೂತಿಯೊಳಗೆ ಇದ್ದದ್ದು ಒಂದೇ ವಂಶದ ಎಂಜಿನ್: ರೋಲ್ಸ್ ರಾಯ್ಸ್ ಮರ್ಲಿನ್. ಆ ಎಂಜಿನ್ ಹುಟ್ಟಿದ ಇಂಗ್ಲೆಂಡಿನ ಡರ್ಬಿ ನಗರದಲ್ಲಿ ನಾನು ಬಹಳ ಕಾಲದಿಂದ ನೆಲೆಸಿದ್ದೇನೆ. ಮನೆ ಮೈಸೂರಿನ ಸರಸ್ವತಿಪುರಂ, ತಾಯಿಯ ಕಡೆಯವರು ಮಂಡ್ಯ ಜಿಲ್ಲೆಯ ಮದ್ದೂರಿನ ಹತ್ತಿರದವರು. ಹೀಗಾಗಿ ಹಳೆಯ ಯಂತ್ರಗಳನ್ನು ಎರಡೂ ಕಡೆ ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ಹೋಲಿಸಿ ನೋಡುವ ಚಟ ನನಗೆ ಅಂಟಿಕೊಂಡಿದೆ.

ಮೊದಲೇ ಹೇಳಿಬಿಡುತ್ತೇನೆ. ಯಂತ್ರವನ್ನು ಉಳಿಸುವುದೆಂದರೆ ಅದನ್ನು ಬಿಚ್ಚಿ ಮತ್ತೆ ಕೂಡಿಸಬಲ್ಲ ಮನುಷ್ಯನನ್ನೂ ಉಳಿಸಿಕೊಳ್ಳುವುದು. ಡರ್ಬಿ ಇದನ್ನು ಅರಿತಿದೆ. ಮೈಸೂರಿನಲ್ಲಿ ಅಂಥ ಮನುಷ್ಯರು ಡರ್ಬಿಗಿಂತ ಹೆಚ್ಚೇ ಇದ್ದಾರೆ, ಆದರೆ ಅವರನ್ನು ಯಾರೂ ವಸ್ತುಸಂಗ್ರಹಾಲಯದೊಳಕ್ಕೆ ಕರೆಯುವುದಿಲ್ಲ.

ಎಂಜಿನ್ನಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಈ ಎಲ್ಲ ಗದ್ದಲ ಯಾಕೆಂದು ಗೊತ್ತಾಗುವುದಿಲ್ಲ. ಮರ್ಲಿನ್ ಮೊದಲು ಓಡಿದ್ದು 1933ರಲ್ಲಿ. ಆರಾರರ ಎರಡು ಸಾಲುಗಳಲ್ಲಿ, ಇಂಗ್ಲಿಷಿನ ವಿ ಅಕ್ಷರದ ಆಕಾರದಲ್ಲಿ ನಿಂತ 12 ಸಿಲಿಂಡರ್‌ಗಳು. ಒಟ್ಟು ಗಾತ್ರ 27 ಲೀಟರ್. ಅಂದರೆ ಒಂದೊಂದು ಸಿಲಿಂಡರೂ ಎರಡು ಲೀಟರಿಗಿಂತ ದೊಡ್ಡದು. ನಮ್ಮ ರಸ್ತೆಯ ಸಣ್ಣ ಕಾರುಗಳ ಇಡೀ ಎಂಜಿನ್ನೇ ಒಂದು ಲೀಟರಿನ ಆಸುಪಾಸು ಎಂಬುದನ್ನು ನೆನೆದರೆ ಅಂದಾಜು ಸಿಗುತ್ತದೆ. ಪ್ರತಿ ಸಿಲಿಂಡರಿಗೆ ಎರಡರಂತೆ 24 ಸ್ಪಾರ್ಕ್ ಪ್ಲಗ್ಗುಗಳು, ಕಿಡಿ ಕೊಡಲು ಎರಡು ಮ್ಯಾಗ್ನೆಟೊಗಳು. ಒಂದು ಕೈಕೊಟ್ಟರೂ ಇನ್ನೊಂದು ವಿಮಾನವನ್ನು ಮನೆ ಮುಟ್ಟಿಸಬೇಕು. ಹಿಂಭಾಗದಲ್ಲಿ ಸೂಪರ್‌ಚಾರ್ಜರ್. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ, ತೆಳು ಗಾಳಿಯಲ್ಲಿ ಎಂಜಿನ್ ಏದುಸಿರು ಬಿಡುತ್ತದೆ. ಆದ್ದರಿಂದ ಗಾಳಿಯನ್ನು ಒತ್ತಿ ಒಳಗೆ ತಳ್ಳುವ ಚಕ್ರ. ಸ್ಟ್ಯಾನ್ಲಿ ಹೂಕರ್ ಎಂಬ ಗಣಿತಜ್ಞ ಇದನ್ನು ತಿದ್ದಿ ತೀಡಿ, ಎರಡು ಹಂತದ ಸೂಪರ್‌ಚಾರ್ಜರ್ ಬರುವ ಹೊತ್ತಿಗೆ ಅದೇ 27 ಲೀಟರಿನ ಎಂಜಿನ್ ಮೊದಲಿನ ಸಾವಿರ ಚಿಲ್ಲರೆ ಅಶ್ವಶಕ್ತಿಯನ್ನು ಬಹಳ ಹಿಂದೆ ಬಿಟ್ಟಿತ್ತು. ಗಾತ್ರ ಹಿಗ್ಗಿಸದೆ ಉಸಿರಾಟವನ್ನಷ್ಟೇ ಸುಧಾರಿಸಿ ಇಷ್ಟು ಬಲ ತೆಗೆದದ್ದು ಎಂಜಿನಿಯರಿಂಗ್ ಓದಿದ ನನ್ನಂಥವನಿಗೆ ಇಂದಿಗೂ ರೋಮಾಂಚನ ತರುವ ವಿಷಯ.

ಇದಕ್ಕೊಂದು ಕುಖ್ಯಾತ ದೋಷವೂ ಇತ್ತು. ಜರ್ಮನ್ ವಿಮಾನ ಬೆನ್ನು ಹತ್ತಿದಾಗ ಪೈಲಟ್ ಮೂತಿಯನ್ನು ಥಟ್ಟನೆ ಕೆಳಕ್ಕೆ ಒತ್ತಿದರೆ ಗಾಳಿಗೆ ಇಂಧನ ಬೆರೆಸುವ ಕಾರ್ಬುರೇಟರಿನಲ್ಲಿ ಇಂಧನ ಮೇಲಕ್ಕೆ ಎಗರಿ ಎಂಜಿನ್ ಕ್ಷಣಕಾಲ ಕೆಮ್ಮಿ ನಿಲ್ಲುತ್ತಿತ್ತು. ಎದುರಾಳಿಯ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಪಂಪ್ ಇದ್ದದ್ದರಿಂದ ಅದಕ್ಕೆ ಈ ತಾಪತ್ರಯ ಇರಲಿಲ್ಲ. ಫಾರ್ನ್‌ಬರೋದ ಸಂಶೋಧನಾ ಕೇಂದ್ರದಲ್ಲಿದ್ದ ಬಿಯಾಟ್ರಿಸ್ ಶಿಲ್ಲಿಂಗ್ ಎಂಬ ಎಂಜಿನಿಯರ್, ಮೋಟರ್ ಸೈಕಲ್ ರೇಸುಗಳಲ್ಲೂ ಹೆಸರು ಮಾಡಿದ ಹೆಂಗಸು, ಇಂಧನದ ಹರಿವನ್ನು ಅಳತೆಯಲ್ಲಿಡುವ ತೂತಿನ ಸಣ್ಣ ಬಿಲ್ಲೆಯೊಂದನ್ನು ರೂಪಿಸಿದರು. 1941ರ ಆರಂಭದಲ್ಲಿ ಒಂದು ಸಣ್ಣ ತಂಡದೊಂದಿಗೆ ವಾಯುನೆಲೆಯಿಂದ ವಾಯುನೆಲೆಗೆ ತಿರುಗಿ ಅದನ್ನು ಕೂಡಿಸಿದರು. ವಿಮಾನವನ್ನು ಸೇವೆಯಿಂದ ಹಿಂದಕ್ಕೆ ತರಿಸಿಕೊಳ್ಳಬೇಕಾಗಲಿಲ್ಲ. ರೋಗವನ್ನು ಪೂರ್ತಿ ವಾಸಿ ಮಾಡದಿದ್ದರೂ ಆ ಬಿಲ್ಲೆ ಆ ಹೊತ್ತಿನ ಗಂಡಾಂತರವನ್ನು ಕಳೆಯಿತು.

ಮರ್ಲಿನ್ ಚರಿತ್ರೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರಸಂಗ ಇನ್ನೊಂದು. ಯುದ್ಧ ಬಿಗಡಾಯಿಸಿದಾಗ ಡರ್ಬಿಯೊಂದರಲ್ಲೇ ತಯಾರಿಸಿದರೆ ಸಾಲದೆಂದು ಮ್ಯಾಂಚೆಸ್ಟರಿನ ಫೋರ್ಡ್ ಕಾರ್ಖಾನೆಗೂ ಕೆಲಸ ಒಪ್ಪಿಸಿದರು. ಫೋರ್ಡ್ ಎಂಜಿನಿಯರುಗಳು ನಕ್ಷೆಗಳನ್ನು ನೋಡಿ, ಈ ಅಳತೆಗೆ ನಾವು ಮಾಡಲಾರೆವು ಎಂದರು. ಇಷ್ಟು ಸೂಕ್ಷ್ಮ ನಿಮ್ಮ ಕೈಯಲ್ಲಿ ಆಗದೇನೋ ಎಂದು ರೋಲ್ಸ್ ರಾಯ್ಸ್‌ನವರು ಬೀಗಿದರೆ, ಸಿಕ್ಕ ಉತ್ತರ ತದ್ವಿರುದ್ಧವಾಗಿತ್ತು: ನಿಮ್ಮ ನಕ್ಷೆಯ ಅಳತೆಗಳು ತೀರ ಸಡಿಲ, ಹೀಗೆ ಮಾಡಿದರೆ ಒಂದು ಎಂಜಿನ್ನಿನ ಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಡರ್ಬಿಯಲ್ಲಿ ನಕ್ಷೆ ಬಿಟ್ಟುಕೊಟ್ಟಿದ್ದ ಆ ಸಡಿಲವನ್ನು ಅನುಭವಿ ಫಿಟ್ಟರುಗಳು ಅರ ಹಿಡಿದು, ಉಜ್ಜಿ, ಜೋಡಿ ನೋಡಿ ಸರಿಮಾಡುತ್ತಿದ್ದರು. ಕಾಗದದಲ್ಲಿ ಇಲ್ಲದ್ದು ಕೈಯಲ್ಲಿತ್ತು. ಫೋರ್ಡ್‌ನವರು ವರ್ಷದಷ್ಟು ಸಮಯ ಹಿಡಿದು ನಕ್ಷೆಗಳನ್ನೆಲ್ಲ ಹೊಸದಾಗಿ ಬರೆದರು. ಆಮೇಲೆ, ಎಂಜಿನ್ನನ್ನೇ ಮುಟ್ಟಿ ನೋಡಿರದ ಹೆಂಗಸರು ಗಂಡಸರನ್ನು ಸೇರಿಸಿಕೊಂಡು ಆ ಒಂದೇ ಕಾರ್ಖಾನೆ 30,000ಕ್ಕೂ ಹೆಚ್ಚು ಮರ್ಲಿನ್‌ಗಳನ್ನು ಹೊರತಂದಿತು. ಅಮೆರಿಕದ ಪ್ಯಾಕರ್ಡ್ ಕಂಪನಿ 55,000ಕ್ಕೂ ಹೆಚ್ಚು ಮಾಡಿತು. ಮೈಸೂರು ಸ್ಕ್ವಾಡ್ರನ್ನಿನ ಮಸ್ಟಾಂಗ್‌ಗಳಲ್ಲಿ ಇದ್ದದ್ದು ಪ್ಯಾಕರ್ಡ್ ಮಾಡಿದ ಮರ್ಲಿನ್.

ಡರ್ಬಿಯ ಸುತ್ತಮುತ್ತ ಮರ್ಲಿನ್ ನೋಡಲು ಕಷ್ಟಪಡಬೇಕಿಲ್ಲ. ಟ್ರೇಲರ್ ಮೇಲೆ ಕೂರಿಸಿ ಜಾತ್ರೆಗಳಿಗೆ ಎಳೆದುಕೊಂಡು ಹೋಗಿ ಚಾಲೂ ಮಾಡಿ ತೋರಿಸುವ ಹುಚ್ಚರೂ ಇದ್ದಾರೆ. ಲಿಂಕನ್‌ಷೈರಿನ ಕನಿಂಗ್ಸ್‌ಬಿಯಲ್ಲಿ ವಾಯುಪಡೆಯ ಸ್ಮಾರಕ ತುಕಡಿ ಸ್ಪಿಟ್‌ಫೈರ್, ಹರಿಕೇನ್, ಲ್ಯಾಂಕಾಸ್ಟರ್‌ಗಳನ್ನು ಇನ್ನೂ ಹಾರಿಸುತ್ತದೆ. ಆದರೆ ನಾನು ಹೇಳಹೊರಟಿರುವುದು ಹಾರುವ ಎಂಜಿನ್ನಿನ ಬಗ್ಗೆ ಅಲ್ಲ, ನಿಂತುಹೋದದ್ದರ ಬಗ್ಗೆ. ಸ್ವಯಂಸೇವಕರೇ ನಡೆಸುವ ಒಂದು ಸಣ್ಣ ಸಂಗ್ರಹಾಲಯದಲ್ಲಿ ಮರ್ಲಿನ್ ಒಂದನ್ನು ಕಬ್ಬಿಣದ ಚೌಕಟ್ಟಿನ ಮೇಲೆ ಇಟ್ಟಿದ್ದಾರೆ. ಅದರ ಒಂದು ಮಗ್ಗುಲನ್ನು ಕೊಯ್ದು ತೆರೆದಿದ್ದಾರೆ. ನೀರಿನ ದಾರಿಗೆ ಒಂದು ಬಣ್ಣ, ಎಣ್ಣೆಗೆ ಇನ್ನೊಂದು, ಗಾಳಿಗೆ ಮತ್ತೊಂದು. ಹಿಡಿಕೆ ತಿರುಗಿಸಿದರೆ ಪಿಸ್ಟನ್ನುಗಳು ಏರಿಳಿಯುತ್ತವೆ, ಕವಾಟಗಳು ಬಾಯಿ ತೆರೆದು ಮುಚ್ಚುತ್ತವೆ. ಪಕ್ಕದಲ್ಲಿ ನಿವೃತ್ತ ಫಿಟ್ಟರ್ ಒಬ್ಬರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಮಕ್ಕಳು ಬಂದರೆ ಎದ್ದು ನಿಂತು ಪಾನ (ಸ್ಪ್ಯಾನರ್) ಕೊಟ್ಟು, ಇದನ್ನು ಸಡಿಲಿಸು ನೋಡೋಣ ಎನ್ನುತ್ತಾರೆ. ಸಂಬಳವಿಲ್ಲ, ಚಹಾ ಮತ್ತು ಬಿಸ್ಕತ್ತು ಅಷ್ಟೇ.

ನನಗೆ ಅಲ್ಲಿ ಬೆರಗು ಹುಟ್ಟಿಸಿದ್ದು ಅವರು ಮಾತನಾಡುವ ಧಾಟಿ. ಜೆಟ್ ಎಂಜಿನ್ನಿನ ವಿನ್ಯಾಸದಲ್ಲಿ ಡಾಕ್ಟರೇಟ್ ಪಡೆದ ವ್ಯಕ್ತಿ ಏನೋ ವಿವರಿಸುತ್ತಿದ್ದಾಗ, ಹದಿನಾರನೆಯ ವಯಸ್ಸಿಗೇ ಕಾರ್ಖಾನೆ ಸೇರಿದ್ದ ಈ ಫಿಟ್ಟರ್ ನಡುವೆ ಬಾಯಿ ಹಾಕಿ ತಪ್ಪು ತಿದ್ದಿದರು. ಡಾಕ್ಟರರು ಹೌದಲ್ಲ ಎಂದು ತಲೆಯಾಡಿಸಿದರು. ಇಂಗ್ಲೆಂಡಿನಲ್ಲಿ ಮೇಲುಕೀಳು ಇಲ್ಲ ಎಂದು ನಾನು ಹೇಳುತ್ತಿಲ್ಲ. ಕಾರ್ಮಿಕರಿಗೊಂದು ಅಧಿಕಾರಿಗಳಿಗೊಂದು ಊಟದ ಕೋಣೆ ಇಟ್ಟುಕೊಂಡಿದ್ದ ದೇಶ ಅದು. ಆದರೂ ಎಂಜಿನ್ನಿನ ಮುಂದೆ ನಿಂತಾಗ ಕೈ ಬಲ್ಲವನ ಮಾತಿಗೆ ತೂಕ ಜಾಸ್ತಿ.

ಈಗ ನಮ್ಮ ಕಡೆ. ಹೆಸರು ಬೇಡ, ಒಂದು ವಿದ್ಯಾಸಂಸ್ಥೆಯ ಅಂಗಳದಲ್ಲಿ ಹಳೆಯ ಎಂಜಿನ್ ಒಂದನ್ನು ಸಿಮೆಂಟಿನ ಕಟ್ಟೆಯ ಮೇಲೆ ಕೂರಿಸಿದ್ದಾರೆ. ಮುಡಿಯಿಂದ ಅಡಿವರೆಗೆ ಬೆಳ್ಳಿಬಣ್ಣ. ಪ್ಲಗ್ಗಿನ ಪಿಂಗಾಣಿ, ರಬ್ಬರ್ ಕೊಳವೆ, ತಾಮ್ರದ ನಳಿಗೆ, ಕೊನೆಗೆ ತಯಾರಕರ ಹೆಸರು ಮತ್ತು ಸಂಖ್ಯೆ ಕೆತ್ತಿದ ಫಲಕದ ಮೇಲೂ ಅದೇ ಬಣ್ಣ. ಏನೆಂದು ಓದಲು ಬೆರಳಿನಿಂದ ಉಜ್ಜಬೇಕು, ಉಜ್ಜಲು ಹೋದರೆ ಕಾವಲುಗಾರ ಬೈಯುತ್ತಾನೆ. ‘ಮುಟ್ಟಬಾರದು’ ಎಂಬ ಫಲಕ ಮಾತ್ರ ಹೊಳೆಯುತ್ತಿದೆ. ಅಲ್ಲಿ ಯಂತ್ರಶಾಸ್ತ್ರ ಓದುವ ಹುಡುಗರನ್ನು ಕೇಳಿದೆ. ಅದು ಯಾವುದರ ಎಂಜಿನ್ ಎಂದು ಒಬ್ಬನೂ ಹೇಳಲಿಲ್ಲ. ಅವರ ತಪ್ಪಲ್ಲ. ಹೇಳುವವರು ಯಾರು?

ಹಾಗೆಂದು ಮೈಸೂರಿಗೆ ಯಂತ್ರಗಳನ್ನು ಇಟ್ಟುಕೊಳ್ಳಲು ಬರುವುದಿಲ್ಲ ಎನ್ನಲಾಗದು. 1979ರಲ್ಲಿ ತೆರೆದ ಇಲ್ಲಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಮಹಾರಾಣಿಯವರ ಸಲೂನ್ ಗಾಡಿಯಿಂದ ಹಿಡಿದು ಉಗಿಬಂಡಿಗಳವರೆಗೆ ನೋಡಲು ಬೇಕಾದಷ್ಟಿದೆ. ಮಕ್ಕಳು ಅಲ್ಲಿಂದ ಹೊರಡಲೊಲ್ಲೆವೆಂದು ಹಟ ಮಾಡುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕೋಲಾರದ ಚಿನ್ನದ ಗಣಿಗಾಗಿ ಶುರುವಾದ ಜಲವಿದ್ಯುತ್ ಕೇಂದ್ರ ಇಂದಿಗೂ ಕರೆಂಟು ಕೊಡುತ್ತಿದೆ. ಯಂತ್ರವನ್ನು ದುಡಿಸುತ್ತಲೇ ಉಳಿಸುವುದು ನಮ್ಮ ರೀತಿ, ಮತ್ತು ಅದು ಉತ್ತಮವಾದ ರೀತಿ. ತೊಡಕು ಇರುವುದು ದುಡಿಮೆ ಮುಗಿದ ಮೇಲೆ. ಆಗ ಅದಕ್ಕೆ ಎರಡೇ ದಾರಿ: ಗುಜರಿ, ಇಲ್ಲವೇ ಬೆಳ್ಳಿಬಣ್ಣ.

ಮದ್ದೂರಿನ ಕಡೆಯ ನನ್ನ ಸೋದರಮಾವನ ಆಲೆಮನೆಯಲ್ಲಿ ಗಾಣ ತಿರುಗಿಸಲು ಹಳೆಯ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ ಇತ್ತು. ಎದೆಮಟ್ಟದ ಗಾಲಿ, ಕೈಯಲ್ಲಿ ತಿರುಗಿಸಿ ಚಾಲೂ ಮಾಡಬೇಕು. ಅದರ ಮೆಕ್ಯಾನಿಕ್ ಪಕ್ಕದ ಹಳ್ಳಿಯವರು, ಶಾಲೆ ಬಿಟ್ಟವರು. ದೂರದಿಂದಲೇ ಸದ್ದು ಕೇಳಿ, ‘ಟ್ಯಾಪೆಟ್ ಸಡಿಲವಾಗಿದೆ, ನಾಳೆ ಬರುತ್ತೇನೆ’ ಎಂದು ಸೈಕಲ್ಲಿನಿಂದ ಇಳಿಯದೆ ಹೇಳಿ ಹೋಗುತ್ತಿದ್ದರು. ನಕ್ಷೆಯಿಲ್ಲ, ಕೈಪಿಡಿಯಿಲ್ಲ. ಡರ್ಬಿಯ ಫಿಟ್ಟರುಗಳ ಕೈಯಲ್ಲಿ ಏನಿತ್ತೋ ಅದೇ ಇವರ ಕೈಯಲ್ಲೂ ಇತ್ತು. ವಿದ್ಯುತ್ ಮೋಟಾರು ಬಂದ ಮೇಲೆ ಎಂಜಿನ್ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಮಾವನನ್ನು ಕೇಳಿದರೆ, ‘ಅಲ್ಲಯ್ಯಾ, ಅದನ್ನು ಇಟ್ಟುಕೊಂಡು ಪೂಜೆ ಮಾಡಲೇ?’ ಎಂದರು. ಅವರು ಹೇಳುವುದರಲ್ಲಿ ನ್ಯಾಯವಿದೆ. ಕಬ್ಬಿನ ಬಾಕಿಗೆ ಕಾಯುವ ರೈತನಿಗೆ ಪರಂಪರೆಯ ಪಾಠ ಹೇಳುವುದು ಸುಲಭ, ಅದೂ ಪೌಂಡಿನಲ್ಲಿ ಸಂಬಳ ಎಣಿಸುವವನಿಗೆ. ಡರ್ಬಿಯ ಫಿಟ್ಟರ್ ಕುರ್ಚಿ ಹಾಕಿ ಕೂರುವುದು ಕೈತುಂಬ ಪಿಂಚಣಿ ಬರುವುದರಿಂದ. ನಮ್ಮ ಮೆಕ್ಯಾನಿಕ್ ಎಪ್ಪತ್ತಾದರೂ ದುಡಿಯದೆ ವಿಧಿಯಿಲ್ಲ. ಡರ್ಬಿಯವರ ಸ್ವಯಂಸೇವೆಯನ್ನು ಹಾಗೇ ನಮ್ಮಲ್ಲಿಗೆ ತಂದರೆ ಅದು ಬಿಟ್ಟಿ ಚಾಕರಿಯಾಗುತ್ತದೆ.

ಇಂಗ್ಲೆಂಡಿನವರನ್ನೂ ಬಿಡುವಂತಿಲ್ಲ. ಎಂಜಿನ್ನಿನ ತಾಂತ್ರಿಕ ವಿವರದಲ್ಲಿ ಒಂದು ನಟ್ಟನ್ನೂ ಬಿಡದವರು, ಹಣ ಎಲ್ಲಿಂದ ಬಂತು ಎಂಬಲ್ಲಿಗೆ ಬಂದರೆ ಜಾಣಮರೆವು ತೋರಿಸುತ್ತಾರೆ. ಸ್ಪಿಟ್‌ಫೈರ್ ಎಂದರೆ ಅವರಿಗೆ ಒಂಟಿಯಾಗಿ ನಿಂತ ಪುಟ್ಟ ದ್ವೀಪದ ಕಥೆ. ಆ ದ್ವೀಪದ ಹಿಂದೆ ಎಷ್ಟು ಸಂಸ್ಥಾನಗಳ ಖಜಾನೆ ನಿಂತಿತ್ತು ಎಂಬುದು ಒಂದು ಸಾಲಿನಲ್ಲಿ ಮುಗಿಯುತ್ತದೆ, ಇದ್ದರೆ. ನಾನು ಆ ಫಿಟ್ಟರಿಗೆ ಮೈಸೂರು ಸ್ಕ್ವಾಡ್ರನ್ನಿನ ಲಾಂಛನ ತೋರಿಸಿದಾಗ ಅವರು ಕನ್ನಡಕ ಏರಿಸಿ ನೋಡಿ, ಎರಡು ತಲೆಯ ಈ ಹಕ್ಕಿ ಜರ್ಮನ್ನರದೋ ಎಂದು ಕೇಳಿದರು. ನಕ್ಕುಬಿಟ್ಟೆ. ಆಮೇಲೆ ಬೇಲೂರಿನಿಂದ ಕರ್ನಾಟಕ ಸರ್ಕಾರದ ಮುದ್ರೆಯವರೆಗೆ ಗಂಡಭೇರುಂಡದ ಪುರಾಣ ಬಿಚ್ಚಿದೆ. ಆನೆ ಸಿಂಹಗಳನ್ನು ಕೊಕ್ಕಿನಲ್ಲಿ ಕಚ್ಚಿ ಹಾರುವ ಹಕ್ಕಿ ಎಂದಾಗ, ಹಾಗಾದರೆ ನಾಲ್ಕು ಎಂಜಿನ್ನಿನದೇ ಇರಬೇಕು ಎಂದರು.

ನಾಲ್ಕು ಎಂಜಿನ್ನಿನ ಮಾತು ಬಂದದ್ದರಿಂದ ಹೇಳುತ್ತೇನೆ, ನಮ್ಮದೇ ರಾಜ್ಯದ ಈ ಕಥೆ ಮರ್ಲಿನ್ ಕಥೆಗಿಂತ ಕಡಿಮೆಯದಲ್ಲ. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ಸ್ಥಾಪಿಸಿದರು. ಆಗ ದಿವಾನರು ಮಿರ್ಜಾ ಇಸ್ಮಾಯಿಲ್. ಯುದ್ಧ ಹತ್ತಿರವಾದಾಗ ಅದು ಅಮೆರಿಕದ ವಾಯುಪಡೆಯ ದುರಸ್ತಿ ಕೇಂದ್ರವಾಯಿತು. ಡಕೋಟಾ, ಕ್ಯಾಟಲಿನಾ ವಿಮಾನಗಳು ಅಲ್ಲಿಗೆ ಬರುತ್ತಿದ್ದವು. ಕ್ಯಾಟಲಿನಾ ನೀರಿನ ಮೇಲೆ ಇಳಿಯುವ ವಿಮಾನ. ಇಳಿಯುತ್ತಿದ್ದದ್ದು ಬೆಳ್ಳಂದೂರು ಕೆರೆಯಲ್ಲಿ. ಇಂದು ಆ ಕೆರೆಯ ನೊರೆ ಕಂಡವರು ಇದನ್ನು ಓದಿ ನಿಟ್ಟುಸಿರು ಬಿಡಬಹುದು. ಡಕೋಟಾ, ಕ್ಯಾಟಲಿನಾ ಎರಡರಲ್ಲೂ ಇದ್ದದ್ದು ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್ ಎಂಜಿನ್: ಏಳೇಳು ಸಿಲಿಂಡರಿನ ಎರಡು ವೃತ್ತಗಳು, ಸುಮಾರು 1,200 ಅಶ್ವಶಕ್ತಿ, ಗಾಳಿಯಿಂದಲೇ ತಂಪಾಗುವಂಥದ್ದು. ನಿಂತಾಗ ಎಣ್ಣೆ ಕೆಳಗಿನ ಸಿಲಿಂಡರುಗಳಿಗೆ ಇಳಿದು ತುಂಬಿಕೊಳ್ಳುತ್ತದೆ; ಹಾಗೇ ಚಾಲೂ ಮಾಡಿದರೆ ಪಿಸ್ಟನ್ನಿನ ದಂಡವೇ ಬಾಗೀತು. ಆದ್ದರಿಂದ ಮೊದಲು ಪಂಖವನ್ನು ಕೈಯಿಂದ ನಾಲ್ಕಾರು ಸುತ್ತು ತಿರುಗಿಸಬೇಕು.

ಯುದ್ಧ ಮುಗಿದ ಮೇಲೆ ಇದೇ ಎಂಜಿನ್ನು ನಾಲ್ಕಿದ್ದ ಲಿಬರೇಟರ್ ಬಾಂಬರುಗಳನ್ನು ಕಾನ್ಪುರದಲ್ಲಿ ಗುಡ್ಡೆ ಹಾಕಿ, ಮತ್ತೆ ಹಾರದಂತೆ ಬೇಕೆಂದೇ ಕೆಡಿಸಿ ಬ್ರಿಟಿಷರು ಹೊರಟುಹೋದರು. ನಮ್ಮವರು ಆ ರಾಶಿಯೊಳಗಿಂದ ಒಂದೊಂದನ್ನೇ ಎತ್ತಿ, ಹಾರಬಲ್ಲಷ್ಟು ಸರಿಮಾಡಿದರು. ಪೈಲಟ್ ಜಮ್ಷೆಡ್ ಮುನ್ಷಿ ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಅಲ್ಲಿ ಪೂರ್ತಿ ಬಿಚ್ಚಿ ಕಟ್ಟಿದ ಮೇಲೆ, 1948ರಲ್ಲಿ ಅವುಗಳಿಂದಲೇ ಭಾರತೀಯ ವಾಯುಪಡೆಯ ಭಾರೀ ಬಾಂಬರ್ ಪಡೆ ಹುಟ್ಟಿತು, 1968ರವರೆಗೆ ಹಾರಿತು. ಕೆಡಿಸಿದವರೇ ಮುಂದೆ ಒಂದನ್ನು ಕೇಳಿ ಪಡೆಯುವಂತಾಯಿತು: ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ವಸ್ತುಸಂಗ್ರಹಾಲಯದ ಲಿಬರೇಟರ್ 1974ರಲ್ಲಿ ಭಾರತೀಯ ವಾಯುಪಡೆಯಿಂದ ಹೋದದ್ದು. ಅಮೆರಿಕದ ಅರಿಜೋನಾದ ಪೀಮಾ ಸಂಗ್ರಹಾಲಯದಲ್ಲಿರುವುದೂ ಇಲ್ಲಿಂದಲೇ ಹೋಗಿದೆ.

ಆ ಲಿಬರೇಟರುಗಳಿಗೆ ಜೀವ ತುಂಬಿದ ಫಿಟ್ಟರುಗಳ ಹೆಸರು ಎಷ್ಟು ಮೈಸೂರಿಗರಿಗೆ ಗೊತ್ತು? ಅವರಲ್ಲಿ ನಮ್ಮ ಬೀದಿಯವರೂ ಇದ್ದಿರಬಹುದು, ಮಂಡ್ಯದ ರೈತನ ಮಗನೂ ಇದ್ದಿರಬಹುದು. ಆ ತಲೆಮಾರು ಹೋಯಿತು. ಅವರಿಂದ ಕಲಿತವರು ಈಗ ಎಂಬತ್ತರ ಆಚೀಚೆ.

ಮೈಸೂರಿಗೊಂದು ಮರ್ಲಿನ್ ತರಿಸಬೇಕು ಎಂದು ಗೆಳೆಯನೊಬ್ಬ ಉತ್ಸಾಹದಿಂದ ಹೇಳುತ್ತಾನೆ. ಅರಮನೆಯ ಆವರಣದಲ್ಲೋ ಬನ್ನಿಮಂಟಪದಲ್ಲೋ ಗಾಜಿನ ಪೆಟ್ಟಿಗೆಯೊಳಗೆ ಇಟ್ಟರೆ ಪ್ರವಾಸಿಗರು ಬರುತ್ತಾರಂತೆ. ನನಗೆ ಒಪ್ಪಿಗೆಯಿಲ್ಲ. ಬಿಚ್ಚಬಲ್ಲವರನ್ನು ಹತ್ತಿರ ಕರೆಯದ ಊರಿಗೆ ಬಂದ ಮರ್ಲಿನ್ ಕೂಡ ಮೂರು ಮಳೆಗಾಲದಲ್ಲಿ ಬೆಳ್ಳಿಬಣ್ಣ ಬಳಿಸಿಕೊಳ್ಳುತ್ತದೆ. ಅದಕ್ಕೆ ಸುರಿಯುವ ಹಣದ ಒಂದು ಚೂರಿನಲ್ಲಿ ಬೇರೆ ಕೆಲಸ ಆಗುತ್ತದೆ, ಅದಕ್ಕೆ ತಕ್ಕ ದಿನವೊಂದು ಆಗಲೇ ಸಿದ್ಧವಾಗಿದೆ: ಆಯುಧಪೂಜೆ. ಇಂಗ್ಲೆಂಡಿನಲ್ಲಿ ಹುಡುಕಿದರೂ ಸಿಗದ ಹಬ್ಬ ಅದು. ಆ ದಿನ ಮೈಸೂರು ಮಂಡ್ಯಗಳ ಪ್ರತಿ ವರ್ಕ್‌ಶಾಪಿನ ಬಾಗಿಲೂ ತೆರೆದಿರುತ್ತದೆ, ಲೇತಿನಿಂದ ಪಾನದವರೆಗೆ ಎಲ್ಲವನ್ನೂ ತೊಳೆದು ಅರಿಶಿನ ಕುಂಕುಮ ಇಟ್ಟಿರುತ್ತಾರೆ, ಮಸಿಯಂಗಿಯ ಮೆಕ್ಯಾನಿಕ್ ಹೊಸ ಷರ್ಟು ತೊಟ್ಟು ಬಂದವರಿಗೆಲ್ಲ ಪುರಿ ಸಿಹಿ ಹಂಚುತ್ತಾನೆ. ಊರಿನ ಓದಿದವರು ಆ ಬಾಗಿಲು ದಾಟುವುದು ವರ್ಷಕ್ಕೆ ಅದೊಂದೇ ಸಲ, ಅದೂ ಕಾರಿಗೆ ಬೂದುಗುಂಬಳ ಒಡೆಸಲು.

ಬೂದುಗುಂಬಳ ಒಡೆದಾದ ಮೇಲೆ ಅದೇ ಅಂಗಳದಲ್ಲಿ ಒಂದು ಎಂಜಿನ್ ಬಿಚ್ಚಿ ತೋರಿಸಲಿ. ಮರ್ಲಿನ್ ಬೇಡ, ಗುಜರಿಯಿಂದ ತಂದ ಆಲೆಮನೆಯ ಡೀಸೆಲ್ ಎಂಜಿನ್ ಸಾಕು. ಒಂದು ಮಗ್ಗುಲು ಕೊಯ್ದು ಬಣ್ಣ ಹಚ್ಚಿದರೆ ನಾಲ್ಕು ಹೊಡೆತದ (ಫೋರ್ ಸ್ಟ್ರೋಕ್) ಲೆಕ್ಕ ಏಳನೆಯ ತರಗತಿಯ ಹುಡುಗಿಗೂ ಅರ್ಥವಾಗುತ್ತದೆ. ಮರ್ಲಿನ್ನಿನ ಹನ್ನೆರಡು ಸಿಲಿಂಡರಿನಲ್ಲಿ ನಡೆಯುವುದೂ ಅದೇ. ಮೆಕ್ಯಾನಿಕ್ಕಿಗೆ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ ಕೊಡಬೇಕು, ಶಾಲು ಹೊದಿಸಿ ಕಳಿಸಿದರೆ ಆಗದು. ಕಾಲೇಜಿನ ವಿದ್ಯಾರ್ಥಿಗಳು ಪಕ್ಕದಲ್ಲಿ ಕೂತು ಆತ ಹೇಳಿದ್ದನ್ನೆಲ್ಲ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ನಕ್ಷೆ ಬರೆಯಲಿ, ಫೋರ್ಡ್‌ನವರು ಮಾಡಿದ ಹಾಗೆ. ಗೋಡೆಗೆ ಮೈಸೂರು ಸ್ಕ್ವಾಡ್ರನ್ನಿನ ಲಾಂಛನದ ಒಂದು ಪ್ರತಿ, ಬೆಂಗಳೂರಿನ ಲಿಬರೇಟರುಗಳ ಒಂದು ಚಿತ್ರ ಹಾಕಿದರೆ ಕಥೆಯೂ ಆಯಿತು.

ಇದನ್ನು ಮಾವನ ಮುಂದೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ‘ಎಂಜಿನ್ ನಾನು ಹುಡುಕಿಸುತ್ತೇನೆ. ಮಂಡ್ಯದ ಗುಜರಿಯಲ್ಲಿ ಇನ್ನೂ ಎರಡು ಮೂರು ಬಿದ್ದಿವೆ, ಕಬ್ಬಿಣದ ದರ ಇಳಿದಾಗ ಕೊಂಡರೆ ಒಳ್ಳೆಯದು’ ಎಂದರು. ಆಮೇಲೆ, ‘ಆ ಮೆಕ್ಯಾನಿಕ್ಕಿಗೆ ಮಾತ್ರ ಮುಂಗಡ ಕೊಟ್ಟಿರು. ಹಬ್ಬದ ದಿನ ಅವನಿಗೆ ಹತ್ತು ಕಡೆಯಿಂದ ಕರೆ ಬರುತ್ತದೆ’ ಎಂದು ಸೇರಿಸಿದರು.